ಓದದ ಕಾದಂಬರಿ ಮಾರಿದ್ದು

ಒಂದು ಒಗಟು: ಕಾದಂಬರಿಯೊಂದರಲ್ಲಿ ಮುದುಕನ ನಾಯಿ ಕಳೆದುಹೋಗುತ್ತದೆ. ಕೊನೆಗೆ ಸಿಗುತ್ತೋ ಇಲ್ಲವೋ? ನಿಮಗೆ ಗೊತ್ತಾಗಲ್ಲ ಬಿಡಿ. ನನಗೂ ಗೊತ್ತಿರಲಿಲ್ಲ. ನಾನು ನೋಡಿದ್ದು ರಟ್ಟಿನ ಮೇಲಿನ ಚಿತ್ರ, ಹಿಂದಿನ ಎರಡು ಸಾಲು ಮಾತ್ರ.

ಇಂಗ್ಲಿಷ್ ಮೇಡಂ ಕೊಟ್ಟ ಪ್ರಾಜೆಕ್ಟ್ ಏನಂದರೆ, ಓದಿದ ಕಾದಂಬರಿಯನ್ನು ಇಡೀ ಕ್ಲಾಸು ಓದುವಂತೆ ಮಾತಾಡಿ ಒಪ್ಪಿಸಬೇಕು. ಫೇಲಾದರೆ ಶಾಲೆ ಬಿಡಿಸಿ, ಜೀನ್ಸ್ ಹೊಲಿಯೋ ಕಡೆ ದಾರ ಕತ್ತರಿಸೋಕೆ ಕೂರಿಸ್ತೀನಿ ಅಂತ ಅಪ್ಪ ಹೇಳಿಬಿಟ್ಟಿದ್ದ.

ರಾಯದುರ್ಗದಲ್ಲಿ ಮಾಮನ ಜೀನ್ಸ್ ಅಂಗಡಿ ಮುಂದೆ ಗಿರಾಕಿಗಳನ್ನು ಕೂಗಿ ಕರೆದು ಬೆಳೆದವನು ನಾನು. ಕ್ಲಾಸಿನ ಮುಂದೆ ನಿಂತು ಪುಸ್ತಕವನ್ನು ಪ್ಯಾಂಟಿನ ಹಾಗೆ ಎರಡೂ ಕೈಲಿ ಜಗ್ಗಿ ತೋರಿಸಿದೆ.

"ಬರ್ರಿ ಅಕ್ಕಾ, ಬರ್ರಿ ಅಣ್ಣಾ! ಎಷ್ಟು ಸಲ ಓದಿದ್ರೂ ಬಣ್ಣ ಹೋಗಂಗಿಲ್ಲ! ಬ್ಯಾಡಾ? ಬಿಡ್ರಿ, ಪಕ್ಕದ ಕ್ಲಾಸಿನೋರು ಕಾಯಾಕತ್ಯಾರ!"

ಪುಸ್ತಕ ಮಡಚಿ ಬಾಗಿಲ ಕಡೆ ಹೊರಟೆ. "ಏಯ್, ನಿಲ್ಲೋ! ನನಗ ಕೊಡೋ!" ಅಂತ ಅರ್ಧ ಕ್ಲಾಸು ಬೆಂಚು ಹತ್ತಿತು.

ಮೇಡಂ ಕೇಳಿದರು: "ಅದಿರಲಿ, ಕೊನೀಗೆ ನಾಯಿ ಸಿಗ್ತದೇನು?"

"ಸಿಗ್ತದ್ರಿ ಮೇಡಂ. ಮ್ಯಾಲೆ ನಾಕು ಮರೀನೂ ಹಾಕ್ತದ."

"ಅದು ಗಂಡು ನಾಯಿ ಅಲ್ಲೇನೋ!"

"ಅದಕ್ಕ ನೋಡ್ರಿ ಮುದುಕಗ ಅಷ್ಟು ಆಶ್ಚರ್ಯ!"

ಕ್ಲಾಸು ಬಿದ್ದು ಬಿದ್ದು ನಕ್ಕಿತು. ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, "ಓದಿದ್ದಕ್ಕಲ್ಲ, ಒಪ್ಪಿಸಿದ್ದಕ್ಕ ಪಾಸ್" ಅಂದರು.

ಮೇಡಂ ಕಣ್ಣೊರೆಸಿಕೊಂಡವರೆಗೆ ಎಲ್ಲಾ ನಿಜ. ಪಾಸ್ ಅಂದಿದ್ದು ಮಾತ್ರ ನಾನೇ ಕಟ್ಟಿದ್ದು. ಮಾರ್ಕ್ಸು ಸೋಮವಾರ ಹೇಳ್ತಾರಂತೆ, ಅಲ್ಲಿವರೆಗೆ ಅಪ್ಪನಿಗೂ ಇದೇ ಕೊನೆ ಹೇಳಿಟ್ಟಿದ್ದೀನಿ.