ಉದ್ದ ತೋಳಿನ ಅಂಗಿ

ಎಡ ಮೊಣಕೈ ಕೆಳಗೆ ಜಾಲಿಮುಳ್ಳು ಮುರಿದು ಕೂತಿತ್ತು. ಹೆಂಡತಿ ಶಾಂತಾ ಸೂಜಿಯಿಂದ ಕೆದರಿ ತೆಗೆದಳು. ರಕ್ತ ಬಂತು.

"ನೋವಾಗ್ಲಿಲ್ಲೇನ್ರಿ?"

ಆಗಿರಲಿಲ್ಲ. ಮುಳ್ಳಿನ ಸುತ್ತ ರೂಪಾಯಿ ಅಗಲದ ಮಸುಕು ಮಚ್ಚೆ. ಅದೇನೆಂದು ನನಗಿಂತ ಚೆನ್ನಾಗಿ ಆಳಂದದಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಕುಷ್ಠ.

ಎರಡನೇ ಮಹಾಯುದ್ಧ ನಡೆದಿದ್ದ ವರ್ಷಗಳವು. ಸಂತೆ ಬಯಲಿನ ಹಿಂದಿನ ಓಣಿಯ ಕ್ರೈಸ್ತ ಶಾಲೆಗೆ ನಾನೇ ಮಾಸ್ತರ. ಶನಿವಾರ ಮಿಶನ್ ಆಸ್ಪತ್ರೆಯ ಡಾಕ್ಟರ್ ಬಾಯಿಯವರು ಬರುವ ಮೊದಲು ಓಣಿಯವರನ್ನು ಸಾಲಾಗಿ ಕೂರಿಸಿ, ಕಣ್ಣು ಮುಚ್ಚಿಸಿ, ಮಚ್ಚೆಯ ಮೇಲೆ ಕೋಳಿಗರಿ ಆಡಿಸುವುದೂ ನನ್ನ ಕೆಲಸವೇ. ಗರಿ ತಾಕಿದ್ದು ತಿಳಿಯದವರಿಗೆ ಇಂಜೆಕ್ಷನ್. ಚಪ್ಪಲಿ ಹೊಲಿಯುವ ಚಂದವ್ವ ಒಮ್ಮೆ ತನ್ನ ಮಚ್ಚೆಯನ್ನು ಸೆರಗಿನಲ್ಲಿ ಮರೆಮಾಡಿದ್ದಳು. ಎಲ್ಲರೆದುರೇ ಗದರಿದ್ದೆ: "ಯೇಸುಸ್ವಾಮಿ ಇಂಥವರನ್ನ ಕೈಯಾರೆ ಮುಟ್ಟ್ಯಾನ. ಮುಚ್ಚಿಡೂದು ಪಾಪ ಐತಿ, ಬೇ." ಆಕೆ ಅತ್ತಿದ್ದಳು.

ಮುಳ್ಳು ತೆಗೆದ ಮರುದಿನ ನಾನು ಉದ್ದ ತೋಳಿನ ಅಂಗಿ ಹಾಕಿಕೊಂಡೆ.

ಚಳಿ ಹೋಯಿತು. ಸುಡುವ ಬೇಸಿಗೆಯಲ್ಲೂ ಅದೇ ಅಂಗಿ. ಮಗಳನ್ನು ಎತ್ತಿಕೊಳ್ಳುವುದು ಬಿಟ್ಟೆ. ಶಾಂತಾಗೆ ಏನೇನೋ ನೆಪ ಹೇಳಿದೆ. ಬಾಗಿಲು ಹಾಕಿ ನನಗೆ ನಾನೇ ಗರಿ ಆಡಿಸಿಕೊಂಡೆ. ತಾಕಿದಂತೆಯೇ ಅನಿಸಿತು. ಗರಿ ಹಿಡಿದ ಕೈಗೆ ಎಲ್ಲಿ ಮುಟ್ಟುತ್ತಿದ್ದೇನೆಂದು ಗೊತ್ತಿರುತ್ತದಲ್ಲ, ಆ ಸುಳ್ಳನ್ನೇ ನಂಬಿದೆ. ಬೇಗ ತೋರಿಸಿದರೆ ಬೆರಳು ಉಳಿಯುತ್ತವೆ ಎಂದು ಓಣಿಗೆಲ್ಲ ಹೇಳುತ್ತಿದ್ದವನು ನಾನು. ಸಾಲಿನ ಮುಂದೆ ಅದನ್ನೇ ಹೇಳುವಾಗ ನನ್ನ ದನಿಗೆ ನನಗೇ ಹೇಸಿಕೆಯಾಗುತ್ತಿತ್ತು.

ಒಂದು ಶನಿವಾರ ಚಂದವ್ವನ ಕೈ ಹಿಡಿದಿದ್ದಾಗ ನನ್ನ ಎಡಗೈ ಕಿರುಬೆರಳು ಮಡಚಿದ್ದು ನೆಟ್ಟಗಾಗಲಿಲ್ಲ. ಆಕೆ ಬೆರಳು ನೋಡಿದಳು, ನನ್ನ ತೋಳು ನೋಡಿದಳು. ಮೆಲ್ಲಗೆ ಗರಿ ತೆಗೆದುಕೊಂಡಳು.

"ಅಂಗಿ ಏರಸ್ರಿ, ಮಾಸ್ತರ. ಕಣ್ಣ ಮುಚ್ರಿ."

ಮುಚ್ಚಿದೆ. ಕಾದೆ.

"ಯಾವಾಗ ಮುಟ್ತಿ, ಬೇ?"

"ಮುಟ್ಟಾಕತ್ತೇನಲ್ರಿ."

ಬೈಯುತ್ತಾಳೆ ಅಂದುಕೊಂಡೆ. ನನ್ನ ಮಾತನ್ನೇ ನನಗೆ ತಿರುಗಿಸಿ ಹೇಳಿದ್ದರೂ ಸಹಿಸುತ್ತಿದ್ದೆ. ಆಕೆ ಚಾಪೆಯ ಮೇಲೆ ಸರಿದು ಜಾಗ ಮಾಡಿದಳು. "ಬರ್ರಿ, ಕುಂದರ್ರಿ."

ಕಿರುಬೆರಳು ಇನ್ನು ನೆಟ್ಟಗಾಗದು ಎಂದರು ಡಾಕ್ಟರ್ ಬಾಯಿ, ಉಳಿದವು ಉಳಿಯಬಹುದು. ಶಾಂತಾ ರೋಗಕ್ಕೆ ಅಳಲಿಲ್ಲ. "ನನಗೂ ಹೇಳ್ಲಿಲ್ಲಲ್ರಿ," ಎಂದಳು.

ಈಗ ಗರಿ ಚಂದವ್ವನ ಕೈಯಲ್ಲಿದೆ. ಗಿಡ್ಡ ತೋಳಿನ ಅಂಗಿ ಹಾಕಿಕೊಂಡು ನಾನು ಸಾಲಿನಲ್ಲಿ ಕೂರುತ್ತೇನೆ. ಕಳೆದ ವಾರ ಮಚ್ಚೆಯ ಅಂಚಿನಲ್ಲಿ ಏನೋ ಸುಳಿದಂತಾಯಿತು.

"ಈಗ ಮುಟ್ಟಿದ್ರೇನ್ರಿ, ಚಂದವ್ವ?"

"ಹೌದ್ರಿ."

ಎಲ್ಲರೆದುರೇ ಅತ್ತೆ.