ಕಪ್ಪೆಗೆ ತಾಮ್ರದ ಕೊಡದ ನೀರು

ಹೊನ್ನಾಳಿಗೆ ಹೋಗಿದ್ದು ಲೈನಿಂಗ್ ಬಟ್ಟೆ ತರಲು. ಮನೆಗೆ ಬಂದಾಗ ಕೈಯಲ್ಲಿ ಬಟ್ಟೆ ಇರಲಿಲ್ಲ, ಎರಡು ಬಿಳಿ ಕಪ್ಪೆಗಳಿದ್ದವು. ಎಲ್ಲ ನನ್ನ ಸಿಟ್ಟಿನ ಪ್ರತಾಪ.

ನ್ಯಾಮತಿಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ, ಮನೆಯ ಮುಂದಿನ ಕೋಣೆಯಲ್ಲೇ. ನನ್ನ ಕೈ ಒಳ್ಳೆಯದು, ಬಾಯಿ ಮಾತ್ರ ಜೋರು ಅಂತ ಓಣಿಗೆಲ್ಲ ಗೊತ್ತು. ಆವತ್ತು ಹೊನ್ನಾಳಿಯಲ್ಲಿ ಬಟ್ಟೆ ಅಂಗಡಿ ಇನ್ನೂ ತೆಗೆದಿರಲಿಲ್ಲ. ಪಕ್ಕದಲ್ಲಿ ಬಣ್ಣದ ಮೀನು ಮಾರುವ ಅಂಗಡಿ ತೆರೆದಿತ್ತು. ಬಾಗಿಲ ಬಿಸಿಲಿಗೆ ಪೆಪ್ಪರ್‌ಮೆಂಟ್ ತುಂಬುವಂಥ ಪ್ಲಾಸ್ಟಿಕ್ ಡಬ್ಬಿ ಇಟ್ಟಿದ್ದರು. ಒಳಗೆ ಹಳದಿಗಟ್ಟಿದ ನೀರು, ತಳದಲ್ಲಿ ನೀಲಿ ಬಣ್ಣ ಬಳಿದ ಹರಳು, ಕೆಂಪು ಕಣ್ಣಿನ ಮೂರು ಬಿಳಿ ಕಪ್ಪೆ. ಅದರಲ್ಲಿ ಒಂದು ಹೊಟ್ಟೆ ಮೇಲಾಗಿ ತೇಲುತ್ತಿತ್ತು. ಮುಚ್ಚಳಕ್ಕೆ ಮೊಳೆಯಿಂದ ಎರಡು ತೂತು ಹೊಡೆದಿದ್ದರು, ಅಷ್ಟೇ ಗಾಳಿ.

"ಒಂದು ಸತ್ತೈತೆ, ಕಾಣಂಗಿಲ್ವೇನ್ರೀ?" ಅಂದೆ.

ಅಂಗಡಿಯವನು ಮೊಬೈಲಿನಿಂದ ತಲೆ ಎತ್ತಲಿಲ್ಲ. "ಮಲಗೈತೆ ಬಿಡ್ರಿ ಅಕ್ಕಾ. ನೀರಾಗೇ ಇರೋ ಜಾತಿ ಅವು, ಏನೂ ಆಗಲ್ಲ. ತಿಂಗಳಿಗೊಂದ್ಸಲ ನೀರು ಚೇಂಜ್ ಮಾಡಿದ್ರೆ ಮುಗೀತು."

"ನಿನ್ನನ್ನೂ ಹಿಂಗೇ ಡಬ್ಬಿಯಾಗೆ ಹಾಕಿ ಬಿಸಿಲಿಗಿಡ್ತೀನಿ. ಒಂದು ಗಂಟೆ ಮಲಗಿ ತೋರ್ಸು ನೋಡೋಣ!"

ನಾಲ್ಕು ಜನ ಸೇರಿದರು. ಅವನಿಗೂ ರೇಗಿತು. "ಅಷ್ಟು ಸಂಕಟ ಆಗೋದಾದ್ರೆ ನೀವೇ ತಗಂಡು ಹೋಗ್ರಿ."

"ಕೊಡೋ, ತಗಂಡೇ ಹೋಗ್ತೀನಿ!" ಅಂದುಬಿಟ್ಟೆ. ಬಸ್ಸು ಹತ್ತಿ ಕೂತ ಮೇಲೆಯೇ ನನಗೆ ಬುದ್ಧಿ ಬಂದದ್ದು.

ಆಗ ನಮ್ಮತ್ತೆ ಮನೆಯಲ್ಲಿದ್ದರು. ಅವರ ವಾಸ ಜಗಳೂರಿನಲ್ಲಿ, ನಮ್ಮ ಭಾವನ ಜೊತೆ. ಆ ಮನೆಯಲ್ಲಿ ಎಲ್ಲರೂ ಹೊತ್ತು ಮೂಡುತ್ತಲೇ ಕೆಲಸಕ್ಕೆ ಹೋಗುವವರು. ಒಂದು ದಿನ ಬಚ್ಚಲಲ್ಲಿ ಜಾರಿ ಬಿದ್ದು ಮುಂಗೈ ಮುರಿದುಕೊಂಡು, ಸಂಜೆ ಯಾರಾದರೂ ಬರುವ ತನಕ ಅಲ್ಲೇ ಕೂತಿದ್ದರಂತೆ. ಅದನ್ನು ಕೇಳಿ ನಾನೇ ಹೋಗಿ ಕರೆದುಕೊಂಡು ಬಂದಿದ್ದೆ. ಕೈ ಕೂಡಿಕೊಂಡಿತ್ತು. "ಇನ್ನು ನನ್ನ ಬಸ್ಸಿಗೆ ಹತ್ತಿಸು, ಸುಮ್ಮನೆ ಕೂತು ಉಣ್ಣಾಕೆ ನಾಚಿಕೆ ಆಗ್ತೈತೆ" ಅನ್ನುವುದು ದಿನವೂ ಇತ್ತು. ಮತ್ತೆ ಬಿದ್ದರೆ ಎತ್ತುವವರು ಯಾರು? ನನಗೆ ಕಳಿಸುವ ಮನಸ್ಸಿರಲಿಲ್ಲ. ನನ್ನ ಬಾಯಿಗೆ ಬಾಯಿ ಕೊಟ್ಟು ನಿಲ್ಲುವ ಒಬ್ಬರೇ ಒಬ್ಬರು ಅವರು.

ಕಪ್ಪೆ ಬಂದ ಮೇಲೆ ಬಸ್ಸಿನ ಮಾತು ನಿಂತಿತು. ನಮ್ಮ ಮನೆಯವರು ಯಾರದೋ ಮನೆಯಿಂದ ಹಳೆಯ ಗಾಜಿನ ತೊಟ್ಟಿ ತಂದುಕೊಟ್ಟರು. ಮೊದಲ ದಿನವೇ ಒಂದು ಕಪ್ಪೆ ನೆಗೆದು ಹೊಲಿಗೆ ಮೆಷಿನ್ನಿನ ಕೆಳಗೆ ಚಿಂದಿ ಬಟ್ಟೆಯಲ್ಲಿ ಸಿಕ್ಕಿತು. ಆಮೇಲೆ ಪ್ಲಾಸ್ಟಿಕ್ ಜಾಲರಿ ಮುಚ್ಚಿ ಮೇಲೆ ಇಟ್ಟಿಗೆ ಹೇರಿದೆವು. ಎರೆಹುಳ ಹಾಕಿದರೆ ಹರಳನ್ನೂ ಸೇರಿಸಿ ನುಂಗಲು ನೋಡುತ್ತಿದ್ದವು, ಹರಳನ್ನೆಲ್ಲ ತೆಗೆದು ಬಿಸಾಕಿದೆ. ಅಡಗಲು ಒಂದು ಒಡಕು ಗಡಿಗೆ ಇಟ್ಟೆ. ನೀರಿನ ಉಸ್ತುವಾರಿ ಮಾತ್ರ ಅತ್ತೆಯದು. ಬರದ ಸೀಮೆ ಜಗಳೂರಿನವರಿಗೆ ನೀರಿನ ಮೇಲೆ ಇರುವ ಭಯಭಕ್ತಿ ನಮಗಿಲ್ಲ. ದಿನಾ ಬೆಳಿಗ್ಗೆ ಸ್ನಾನ ಮುಗಿಸಿ, ಹುಣಸೆಹಣ್ಣು ಹಾಕಿ ತಿಕ್ಕಿದ ತಾಮ್ರದ ಕೊಡದಿಂದ, ನಾವು ಕುಡಿಯುವ ನೀರನ್ನೇ ತೊಟ್ಟಿಗೆ ಸುರಿಯುತ್ತಿದ್ದರು. "ಪಾಪ, ಕೊಚ್ಚೆಯಾಗೆ ಇದ್ದು ಬಂದಾವೆ, ಕುಡೀಲಿ" ಅನ್ನುತ್ತಿದ್ದರು.

ಹತ್ತು ದಿನಕ್ಕೆ ಎರಡೂ ಹುಳ ತಿನ್ನುವುದನ್ನೇ ಬಿಟ್ಟವು. ಚರ್ಮ ಪೊರೆಪೊರೆಯಾಗಿ ಕಿತ್ತು ನೀರಲ್ಲಿ ತೇಲತೊಡಗಿತು. ಒಂದು ಸತ್ತೇ ಹೋಯಿತು. ಅತ್ತೆ ಆವತ್ತು ಊಟ ಮಾಡಲಿಲ್ಲ. ನಾನು ಹೊನ್ನಾಳಿಯ ಅಂಗಡಿಯವನಿಗೆ ಕೂತಲ್ಲಿ ನಿಂತಲ್ಲಿ ಶಾಪ ಹಾಕಿದೆ.

ಚನ್ನಗಿರಿಯಲ್ಲಿ ಮೊಲ, ಲವ್ ಬರ್ಡ್ಸ್ ಎಲ್ಲ ನೋಡುವ ದನದ ಡಾಕ್ಟರಮ್ಮ ಇದ್ದಾರೆಂದು ಗಿರಾಕಿಯೊಬ್ಬಳು ಹೇಳಿದಳು. ಮಾರನೆಯ ದಿನವೇ ಹೊರಟೆವು. ಪೇಂಟಿನ ಬಕೆಟ್ಟಿನಲ್ಲಿ ಉಳಿದ ಕಪ್ಪೆ, ಬಕೆಟ್ಟು ಅತ್ತೆಯ ತೊಡೆಯ ಮೇಲೆ. ಕಂಡಕ್ಟರ್ ಬಗ್ಗಿ ನೋಡಿದ. "ಏನಜ್ಜೀ, ಮೀನಾ?"

"ಕಪ್ಪೆ. ಹುಷಾರಿಲ್ಲ, ಆಸ್ಪತ್ರೆಗೆ."

ಅವನು ನನ್ನ ಮುಖ ನೋಡಿದ. ನಾನು ನಕ್ಕಿದ್ದರೆ ಅವನೂ ನಗುತ್ತಿದ್ದ, ನನ್ನ ಬಿಗಿದ ಮುಖ ಕಂಡು ಮುಂದೆ ಹೋದ. ಹೊನ್ನಾಳಿಯಲ್ಲಿ ಬಸ್ಸು ಬದಲಿಸುವಾಗ ಆ ಅಂಗಡಿಯ ದಿಕ್ಕು ನೋಡಿ, ವಾಪಸ್ ಬರುವಾಗ ಇವನನ್ನು ವಿಚಾರಿಸಿಕೊಳ್ಳುತ್ತೇನೆ ಅಂತ ಮನಸ್ಸಿನಲ್ಲೇ ಹಲ್ಲು ಕಡಿದೆ.

ಡಾಕ್ಟರಮ್ಮ ಸಣ್ಣ ವಯಸ್ಸಿನವರು. ಕಪ್ಪೆಯನ್ನು ನೋಡುತ್ತಿರುವಾಗ ನಾನು ಅಂಗಡಿಯವನ ಪುರಾಣ ಬಿಚ್ಚಿದೆ. ಅಷ್ಟರಲ್ಲಿ ಅತ್ತೆ, ಬಕೆಟ್ಟಿನಲ್ಲಿ ನೀರು ಕಡಿಮೆಯಾಗಿದೆ ಅಂತ ಚೀಲದಿಂದ ತಾಮ್ರದ ಬಾಟಲಿ ತೆಗೆದು ಬಗ್ಗಿಸಿದರು. ಡಾಕ್ಟರಮ್ಮ ಗಬಕ್ಕನೆ ಅವರ ಕೈ ಹಿಡಿದುಕೊಂಡರು.

"ಅಜ್ಜೀ, ತಾಳ್ರಿ! ದಿನಾ ಇದೇ ನೀರಾ ಹಾಕೋದು?"

"ಹೂನವ್ವಾ. ರಾತ್ರಿಯೆಲ್ಲ ತಾಮ್ರದ ಕೊಡದಾಗೆ ಇಟ್ಟು, ನಾವು ಕುಡಿಯೋ ನೀರೇ ಕೊಡೋದು" ಅಂದರು ಅತ್ತೆ, ಎಷ್ಟು ಹೆಮ್ಮೆಯಿಂದ ಅಂತೀರಿ!

ಡಾಕ್ಟರಮ್ಮ ಅವರ ಕೈ ಬಿಟ್ಟು ಬಕೆಟ್ಟನ್ನು ತಮ್ಮ ಕಡೆ ಎಳೆದುಕೊಂಡರು. ಆಮೇಲೆ ಮೆಲ್ಲಗೆ ಹೇಳಿದರು. "ಕಪ್ಪೆ ಚರ್ಮದಿಂದ ನೀರು ಹೀರ್ತೈತೆ ಅಜ್ಜಿ. ತಾಮ್ರ ನಮಗೇನೂ ಮಾಡಲ್ಲ, ಇದಕ್ಕೆ ವಿಷ."

"ಹಂಗಾದ್ರೆ ಆ ಅಂಗಡಿಯವಂದು ತಪ್ಪೇ ಇಲ್ವಾ ಡಾಕ್ಟ್ರೇ?" ನನಗೆ ಬಿಡಲು ಇಷ್ಟವಿರಲಿಲ್ಲ.

"ಅವಂದೂ ಐತೆ. ಅಲ್ಲೇ ಸೊರಗಿದ್ವು. ಆದ್ರೆ ಈ ಚರ್ಮ ಕಿತ್ತಿದ್ದು ನೀರಿನಿಂದ." ನಲ್ಲಿ ನೀರಿನ ಬ್ಲೀಚಿಂಗ್ ಪುಡಿಯೂ ಇದಕ್ಕೆ ಆಗುವುದಿಲ್ಲ, ನೀರನ್ನು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಒಂದು ಪೂರ್ತಿ ದಿನ ತೆರೆದಿಟ್ಟು, ಮಾರನೆಯ ದಿನ ಹಾಕಬೇಕು ಅಂದರು. ಸೋಪಿನ ಕೈಯಲ್ಲಿ ಮುಟ್ಟಬಾರದು, ಬೇಜಾರಾಯಿತೆಂದು ಕೆರೆಗೆ ಬಿಡಲೂಬಾರದು, ಇದು ನಮ್ಮ ಕಡೆಯ ಕಪ್ಪೆಯಲ್ಲ ಅಂದರು. ಅಷ್ಟನ್ನೂ ನಾನು ಕೇಳಿಸಿಕೊಂಡೆ. ಅತ್ತೆ ಬಾಟಲಿಯ ಮುಚ್ಚಳ ತಿರುಗಿಸುತ್ತಲೇ ಇದ್ದರು.

ವಾಪಸ್ ಬಸ್ಸಿನಲ್ಲಿ ಬಕೆಟ್ಟನ್ನು ಅವರು ನನ್ನ ತೊಡೆಗೆ ಕೊಟ್ಟರು. ಅಂಗಡಿಯವನ ಕೊಳಕು ನೀರಲ್ಲಿ ಬದುಕಿದ್ದ ಜೀವ ನಮ್ಮ ಚೊಕ್ಕ ನೀರಲ್ಲಿ ಸತ್ತಿತಲ್ಲ ಅಂತ ನನಗೇ ಹೊಟ್ಟೆ ಉರಿಯುತ್ತಿತ್ತು. ಆದರೂ ಹುಟ್ಟಿದಾಗಿನಿಂದ ಬಾರದ ಮೆತ್ತನೆಯ ದನಿ ತಂದುಕೊಂಡು, "ನಿಮ್ಮ ಕೈಯಿಂದ ಏನೂ ಆಗಿಲ್ಲತ್ತೆ, ಎಲ್ಲ ಆ ಅಂಗಡಿಯವನಿಂದಲೇ" ಅಂದೆ.

"ಸುಮ್ನಿರು. ಬೈಯಾಕಷ್ಟೇ ಬರ್ತೈತೆ ನಿನಗೆ, ಸುಳ್ಳು ಹೇಳಾಕೆ ಬರಲ್ಲ." ಕಿಟಕಿಯ ಕಡೆ ತಿರುಗಿ, "ಭಾನುವಾರ ದೊಡ್ಡೋನಿಗೆ ಬರಾಕೆ ಹೇಳು. ನಾನು ಹೋಗ್ತೀನಿ. ನನ್ನ ಕೈಯಾಗೆ ಯಾವುದೂ ಉಳಿಯಲ್ಲ" ಅಂದರು. ಹೊನ್ನಾಳಿ ಬಂತು, ಹೋಯಿತು. ಅಂಗಡಿಯವನನ್ನು ವಿಚಾರಿಸಿಕೊಳ್ಳುವ ಉಸಿರು ನನ್ನಲ್ಲಿ ಇರಲಿಲ್ಲ.

ಆಮೇಲಿನ ದಿನಗಳಲ್ಲಿ ಅತ್ತೆ ತೊಟ್ಟಿಯ ಹತ್ತಿರ ಬಂದರೂ ಕೈ ಎರಡನ್ನೂ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದರು. ಅವರ ಸೀರೆಯ ಚೀಲ ಬಾಗಿಲ ಬಳಿ ಕೂತಿತ್ತು. ಕಪ್ಪೆ ಬದುಕಿದರೆ ಅತ್ತೆ ಉಳಿಯುತ್ತಾರೆ ಅಂತ ನನಗೆ ಯಾರೂ ಹೇಳಿರಲಿಲ್ಲ, ಆದರೂ ದೇವರ ಮುಂದೆ ನಿಂತು ಕಪ್ಪೆಯ ಹೆಸರಲ್ಲಿ ಕೈ ಮುಗಿದೆ. ನಾಚಿಕೆಯೇನೂ ಇಲ್ಲ.

ಶುಕ್ರವಾರ ಮದುವೆ ಬ್ಲೌಸುಗಳ ಗಡಿಬಿಡಿಯಲ್ಲಿ ಬಕೆಟ್ಟು ತುಂಬಿಡುವುದು ಮರೆತೇಹೋಯಿತು. ಶನಿವಾರ ಬೆಳಿಗ್ಗೆ ನೆನಪಾಯಿತು. ಹಿತ್ತಲಿಗೆ ಓಡಿದರೆ, ಎರಡು ಬಕೆಟ್ಟು ತುಂಬಿ, ಸೊಳ್ಳೆ ಕೂರದಂತೆ ತೆಳು ಬಟ್ಟೆ ಕಟ್ಟಿ ಇಟ್ಟಿತ್ತು. ನನ್ನ ಲೈನಿಂಗ್ ಬಟ್ಟೆಯೇ!

"ನೀನು ಮರೀತೀಯಾ ಅಂತ ಗೊತ್ತಿತ್ತು" ಅಂದರು ಅತ್ತೆ, ಬಾಗಿಲಲ್ಲಿ ನಿಂತು.

ಆ ನೀರು ಹಾಕಿ, ಒಂದು ಎರೆಹುಳ ಬಿಟ್ಟೆವು. ಕಪ್ಪೆ ಗಡಿಗೆಯಿಂದ ಹೊರಗೆ ಬಂತು. ಮುಂಗೈ ಎರಡರಲ್ಲೂ ಹುಳವನ್ನು ಬಾಯಿಗೆ ತುರುಕಿಕೊಂಡಿತು, ಹಸಿದ ಕೂಸು ಅನ್ನ ತುರುಕಿಕೊಂಡ ಹಾಗೆ. ಅತ್ತೆ "ಉಂಡಿತು ನನ್ನ ಬಂಗಾರ!" ಅಂತ ಕೂಗಿದರು. ನನಗೆ ಅಳು ಬಂತು. ಅಬ್ಬಾ, ಎಷ್ಟು ದಿನದ ಮೇಲೆ ಎದೆ ಹಗುರಾಯಿತು! ಅವತ್ತು ಬೆಳಿಗ್ಗೆಯಿಂದ ಸಂಜೆವರೆಗೆ ಒಬ್ಬ ಗಿರಾಕಿಯನ್ನೂ ಬೈಯಲಿಲ್ಲ.

ಭಾನುವಾರ ಭಾವ ಬಂದರು. ಕಾಫಿ ಕುಡಿದು ಬಾಗಿಲ ಬಳಿಯ ಚೀಲಕ್ಕೆ ಕೈ ಹಾಕಿದರು. ನಾನು ಮೆಷಿನ್ ನಿಲ್ಲಿಸಿ ಕೂತೆ.

"ಇವತ್ತು ಬರಾಕಾಗಲ್ಲ ಕಣೋ. ನಾಳೆ ತೊಟ್ಟಿ ನೀರು ಬದಲಾಯಿಸಬೇಕು" ಅಂದರು ಅತ್ತೆ.

"ಹಂಗಾದ್ರೆ ನಾಡಿದ್ದು ಬರ್ಲೇನವ್ವಾ?"

ಅತ್ತೆ ಅವರ ಕೈಯಿಂದ ಚೀಲ ತೆಗೆದುಕೊಂಡು ಒಳಗೆ ನಡೆದರು. "ನಾಡಿದ್ದಿಗೂ ನೀರು ತುಂಬಿಟ್ಟೀನಿ."