ಕಿವಿಗೊಂದು ಬಿರಡೆ

ನಮ್ಮ ಸಂಗೀತದ ಮೇಷ್ಟ್ರ ಬರಿ ಎದೆಯ ಮೇಲೆ ಎರಡು ಎಳೆಗಳಿರುತ್ತಿದ್ದವು. ಒಂದು ಜನಿವಾರ. ಇನ್ನೊಂದು, ಸೊಂಟಕ್ಕೆ ಸಿಕ್ಕಿಸಿದ ಅಂಗೈಯಗಲದ ಟ್ರಾನ್ಸಿಸ್ಟರ್‌ನಿಂದ ಹೊರಟು ಕಿವಿಯೊಳಗೆ ಮಾಯವಾಗುತ್ತಿದ್ದ ಬೆಣ್ಣೆ ಬಣ್ಣದ ವೈರು.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ತುಮಕೂರಿನಲ್ಲಿದ್ದ ಅವರ ಅಳಿಯ ನಮ್ಮೂರು ಗುಬ್ಬಿಗೆ ಬಂದಾಗ ತಂದುಕೊಟ್ಟ ರೇಡಿಯೊ ಅದು. "ಬರೋ ಮಕ್ಕಳ ಸರಿಗಮವೇ ಸಾಕಾಗಿದೆ, ಇನ್ನು ಈ ಡಬ್ಬಾದ್ದೂ ಕೇಳ್ಬೇಕಾ?" ಎಂದು ಹೆಂಡತಿ ಗದರಿದ್ದರಿಂದ ಮೇಷ್ಟ್ರು ಇಯರ್‌ಫೋನ್ ಹಾಕಿಕೊಂಡರು. ಹಾಕಿಕೊಂಡವರು ತೆಗೆಯಲೇ ಇಲ್ಲ. ಕಚೇರಿ, ವಾರ್ತೆ ಹಾಗಿರಲಿ, ಅಂಗಳದಲ್ಲಿ ಒಂದು ತೆಂಗಿನ ಮರವೂ ಇಲ್ಲದ ಮನುಷ್ಯ ತೆಂಗಿಗೆ ಗೊಬ್ಬರ ಹಾಕುವ ಕ್ರಮವನ್ನೂ ತಲೆದೂಗುತ್ತ ಕೇಳುತ್ತಿದ್ದರು. ಬೆಳಿಗ್ಗೆ ಬಲಗಿವಿ, ಮಧ್ಯಾಹ್ನ ಎಡಗಿವಿ. "ಒಂದಕ್ಕೆ ಉಣ್ಸಿ ಇನ್ನೊಂದನ್ನ ಉಪವಾಸ ಕೆಡವಬಾರದು ಕಣಮ್ಮ" ಎನ್ನುತ್ತಿದ್ದರು. ಅವರ ಹೆಂಡತಿ ನನ್ನ ಮುಂದೆಯೇ ಅಣಕಿಸುತ್ತಿದ್ದರು. "ತಂಬೂರಿ ಬಿರಡೆ ತಿರುಗಿಸೋದು ಬಿಟ್ಟು ಕಿವಿಗೇ ಬಿರಡೆ ಜಡ್ಕೊಂಡಿದಾರೆ ನೋಡೇ!"

ನನ್ನ ಕಷ್ಟ ಬೇರೆ. ನನ್ನ ದನಿ ತುಟಿ ದಾಟುತ್ತಿರಲಿಲ್ಲ. ಹಿಂದಿನ ವರ್ಷ ಜೂನಿಯರ್ ಪರೀಕ್ಷೆಯಲ್ಲಿ, ಹಾಡಿದ್ದು ಕೇಳಿಸಲೇ ಇಲ್ಲವೆಂದು ಪರೀಕ್ಷಕರು ನನ್ನನ್ನು ಫೇಲು ಮಾಡಿದ್ದರು. ಅಪ್ಪ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು: "ಈ ಸಲಾನೂ ಹೋದ್ರೆ ಸಂಗೀತ ಸಾಕು. ಟೈಪಿಂಗ್ ಕ್ಲಾಸಿಗೆ ಸೇರ್ಕೊ." ನನಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇರಲಿಲ್ಲ. ಮೇಷ್ಟ್ರ ಮನೆಯ ಚಾಪೆಯ ಮೇಲಲ್ಲದೆ ಬೇರೆಲ್ಲೂ ನನಗೆ ಅಷ್ಟು ಸುಖವಾಗುತ್ತಿರಲಿಲ್ಲ.

ಆ ವರ್ಷ ಮೇಷ್ಟ್ರು ಇದ್ದಕ್ಕಿದ್ದಂತೆ ಕಠಿಣವಾದರು. ನಾನು ಬಾಯಿ ತೆರೆದರೆ ಸಾಕು, "ಕೇಳಿಸ್ತಿಲ್ಲ" ಎನ್ನುವರು. ಇನ್ನಷ್ಟು ಏರಿಸಿದರೂ "ಕೇಳಿಸ್ತಿಲ್ಲಮ್ಮ, ಹೊಟ್ಟೆಯಿಂದ ಬರ್ಲಿ!" ಹರೆಯದಲ್ಲಿ ನಾಟಕದ ಕಂಪನಿಯೊಂದರಲ್ಲಿ ಹಾರ್ಮೋನಿಯಂ ನುಡಿಸಿದ್ದವರು. "ಅಲ್ಲಿ ಮೈಕಿತ್ತಾ? ನೆಲದ ಮೇಲೆ ಕೂತ ಕಡೇ ಸಾಲಿನೋನಿಗೂ ಕೇಳ್ಬೇಕಿತ್ತು" ಎಂದು ತೊಡೆ ತಟ್ಟಿಕೊಂಡು ಹೇಳುವರು. ನಾನು ನಾಚಿಕೆ ಬಿಟ್ಟೆ. ಕಣ್ಣು ಮುಚ್ಚಿ, ಕತ್ತಿನ ನರ ಉಬ್ಬಿಸಿ ಹಾಡಿದೆ. ಎದುರು ಅಂಗಡಿಯ ಶೆಟ್ಟರು ಬೆಲ್ಲ ತೂಗುತ್ತಲೇ ನನ್ನ ವರ್ಣ ಗುನುಗುವಷ್ಟು ಕಲಿತುಬಿಟ್ಟರು. ಒಮ್ಮೊಮ್ಮೆ ಮೇಷ್ಟ್ರು "ಶಹಬ್ಬಾಸ್" ಎಂದಾಗ ಸ್ವರ್ಗಕ್ಕೆ ಮೂರೇ ಗೇಣು.

ಪರೀಕ್ಷೆಗೆ ವಾರವಿದ್ದಾಗ, ತಂಬೂರಿಯ ನಾದ ಸಾಲದೆಂದು ಮೇಷ್ಟ್ರು ಬಿರಡೆಯನ್ನು ತಿರುವುತ್ತಲೇ ಹೋದಾಗ ತಂತಿ ಪಟ್ಟನೆ ಹರಿಯಿತು. ನಾನು ಬೆಚ್ಚಿಬಿದ್ದೆ. ಅವರು ಮಾತ್ರ ಮಿಸುಕಲಿಲ್ಲ. ಕೈಗೆ ಸಡಿಲ ತಂತಿ ಸಿಕ್ಕಾಗಲೇ ಅವರಿಗೆ ತಿಳಿದದ್ದು. ಮುಖ ಬಿಳಿಚಿಕೊಂಡಿತು. "ತಂತಿ ಹರಿದಿದ್ದೂ ನಂಗೆ ಕೇಳಿಸ್ಲಿಲ್ಲ. ಕಿವಿ ಹೋದ ಮೇಲೆ ನಾನ್ಯಾವ ಮೇಷ್ಟ್ರಮ್ಮ?" ಎಂದು ಮೆಲ್ಲಗೆ ಕೇಳಿದರು. ಆ ದೊಡ್ಡ ಜೀವ ಅಷ್ಟು ಸಣ್ಣಗಾದದ್ದನ್ನು ನೋಡಿ ನನಗೆ ಅಳು ಬಂತು.

ಹೆಂಡತಿ ಕಿವಿಗೆ ಬಿಸಿ ಎಣ್ಣೆ ಬಿಟ್ಟರು. ಮೇಷ್ಟ್ರು ಹೇರ್‌ಪಿನ್ನು ಹಾಕಲು ಹೋಗಿ ಬೈಸಿಕೊಂಡರು. ಕೊನೆಗೆ ಹೆಂಡತಿಯೇ ಬಸ್ಸು ಹತ್ತಿಸಿ ತುಮಕೂರಿನ ಡಾಕ್ಟರ ಬಳಿ ಕರೆದೊಯ್ದರು. ಡಾಕ್ಟರು ಬ್ಯಾಟರಿ ಬಿಟ್ಟು ನೋಡಿ ನಕ್ಕರಂತೆ. "ಕಿವಿ ಗಟ್ಟಿಮುಟ್ಟಾಗಿದೆ ಮೇಷ್ಟ್ರೇ. ಗುಗ್ಗೆ ಹೊರಗೆ ಬರೋಕೆ ನೋಡುತ್ತೆ, ನೀವು ದಿನಾ ಇಯರ್‌ಫೋನ್ ತುರುಕಿ ಒಳಕ್ಕೆ ದಬ್ಬಿದ್ದೀರಿ. ಎರಡೂ ಕಿವಿ ಕಟ್ಟಿದೆ!" ಉಗುರುಬೆಚ್ಚನೆಯ ನೀರನ್ನು ಪಿಚಕಾರಿಯಲ್ಲಿ ಬಿಟ್ಟಾಗ ಹುಣಿಸೆ ಬೀಜದಂಥ ಗುಗ್ಗೆ ತಟ್ಟೆಗೆ ಬಿತ್ತಂತೆ. ವಾಪಸು ಬರುವಾಗ ಬಸ್ಸಿನ ಗಡಗಡ, ಕಂಡಕ್ಟರನ ಸೀಟಿ, ಹೆಂಡತಿಯ ಬೈಗುಳ ಎಲ್ಲವೂ ಕಚೇರಿಯಂತೆ ಕೇಳಿಸಿತಂತೆ.

ಮರುದಿನ ನಾನು ಎಂದಿನಂತೆ ಹೊಟ್ಟೆಯಿಂದ ಶುರು ಮಾಡಿದೆ. ಮೇಷ್ಟ್ರು ಕೂತಲ್ಲೇ ನೆಗೆದು ಎರಡೂ ಕಿವಿ ಮುಚ್ಚಿಕೊಂಡರು. ಆಮೇಲೆ ನಿಧಾನವಾಗಿ ಕೈ ಇಳಿಸಿದರು. ಪಲ್ಲವಿ ಮುಗಿಯುವ ಹೊತ್ತಿಗೆ ಅವರ ಕಣ್ಣು ತುಂಬಿತ್ತು.

"ಇಷ್ಟು ದಿನ ಹೀಗೇ ಹಾಡ್ತಿದ್ಯೇನಮ್ಮ?"

"ಹೂಂ ಸಾರ್. ನಿಮಗೆ ಕೇಳಿಸ್ತಿರ್ಲಿಲ್ವಾ?"

"ಎಲ್ಲಿ ಕೇಳಿಸ್ತಿತ್ತು? ತುಟಿ ನೋಡ್ಕೊಂಡು ತಾಳ ಹಾಕ್ತಿದ್ದೆ."

"ಮತ್ತೆ ಶಹಬ್ಬಾಸ್ ಅಂದ್ರಲ್ಲ?"

"ಕತ್ತಿನ ನರ ನೋಡಿ ಅಂದೆ!"

ಒಳಗಿನಿಂದ ಅವರ ಹೆಂಡತಿ ಬಿದ್ದು ಬಿದ್ದು ನಕ್ಕರು. ನಾವಿಬ್ಬರೂ ನಕ್ಕೆವು. ನಕ್ಕು ಸುಸ್ತಾದ ಮೇಲೆ ಮೇಷ್ಟ್ರು ಹೇಳಿದರು: "ಸ್ವಲ್ಪ ನಯ ಮಾಡೋಣ. ಆದ್ರೆ ಕಡಿಮೆ ಮಾತ್ರ ಮಾಡ್ಬೇಡ."

ಪರೀಕ್ಷೆಯ ದಿನ ಅಪ್ಪ ಗೇಟಿನಾಚೆ ಟೀ ಕುಡಿಯುತ್ತಿದ್ದರು. ನಾನು ಹೊರಗೆ ಬಂದಾಗ "ಇಲ್ಲೀತನಕ ಕೇಳಿಸ್ತು ಕಣೇ" ಎಂದರು, ಅಷ್ಟೇ. ಟೈಪಿಂಗಿನ ಮಾತು ಮತ್ತೆ ಬರಲಿಲ್ಲ. ಫಲಿತಾಂಶ ಬಂದಾಗ ಮೇಷ್ಟ್ರು ಬೀದಿಗೆಲ್ಲ ಕಲ್ಲುಸಕ್ಕರೆ ಹಂಚಿದರು. "ನಾನು ಕೇಳಿ ಕಲಿಸ್ಲಿಲ್ಲಪ್ಪ, ಕೇಳದೆ ಕಲಿಸ್ದೆ" ಎಂದು ಶೆಟ್ಟರಿಗೆ ಹೇಳಿ ತಾವೇ ನಗುತ್ತಿದ್ದರು. ನಾನಂತೂ ಅದನ್ನು ತಮಾಷೆಯೆಂದು ಎಂದೂ ತಿಳಿದಿಲ್ಲ. ನನ್ನ ಗಂಟಲು ಅವರು ಕೊಟ್ಟದ್ದೇ.

ಆ ದಶಕ ಮುಗಿಯುವ ಮೊದಲೇ ಮೇಷ್ಟ್ರು ತೀರಿಕೊಂಡರು. ಅದೇ ವಾರ ಕುಣಿಗಲ್ಲಿನ ಮದುವೆಯೊಂದರಲ್ಲಿ ನನ್ನ ಹಾಡುಗಾರಿಕೆ ನಿಗದಿಯಾಗಿತ್ತು. ಬೇಡವೆಂದುಕೊಂಡವಳು ಅವರ ಹೆಂಡತಿ "ಹೋಗಿ ಹಾಡಮ್ಮ" ಎಂದಿದ್ದಕ್ಕೆ ಹೋದೆ. ನಡುವೆ ಕರೆಂಟು ಹೋಗಿ ಮೈಕು ನಿಂತಿತು. ನಾನು ನಿಲ್ಲಿಸಲಿಲ್ಲ. ಮೈಕು ನಿಂತದ್ದು ಹಿಂದಿನ ಸಾಲಿನವರಿಗೆ ಗೊತ್ತೇ ಆಗಲಿಲ್ಲವಂತೆ.